ಬೀಗದ ಕೈ ಯಾರ ಕೈಯಲ್ಲಿ?

(ನಗರದ ಕಾಲೇಜೊಂದರ ವಿಚಾರ ವೇದಿಕೆಯಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹ ರೂಪ)



ಬೀಗ ತೆರೆಯುವ ಸಾಧನಕ್ಕೆ ಕನ್ನಡಿಗರು ಇಟ್ಟಿರುವ ಹೆಸರನ್ನು ಒಮ್ಮೆ ಗಮನಿಸಿ. ಹಳೇ ಮೈಸೂರಿನ ಕಡೆ ಅದು 'ಬೀಗದ ಕೈ'. ಧಾರವಾಡ, ವಿಜಯಪುರಗಳ ಕಡೆ ಬೀಗಕ್ಕೇ 'ಕೀಲಿ' ಎನ್ನುತ್ತಾರೆ. ಅದನ್ನು ತೆರೆಯುವುದು 'ಕೀಲಿಕೈ'. ಎರಡು ಮಾತಿನಲ್ಲೂ 'ಕೈ' ಇದೆ. ಬೀಗಕ್ಕೊಂದು ಕೈ, ಆ ಕೈ ಯಾರ ಕೈಯಲ್ಲಿದೆಯೋ ಅವರೇ ಮನೆಯ ಯಜಮಾನರು, ಯಜಮಾನಿಯರು. ಅತ್ತೆ ತನ್ನ ಸೊಂಟದ ಗೊಂಚಲನ್ನು ಬಿಚ್ಚಿ ಸೊಸೆಯ ಕೈಗಿತ್ತಳೆಂದರೆ ಮನೆಯ ಆಡಳಿತವೇ ಬದಲಾಯಿತು ಎಂದು ಅರ್ಥ. ಅದಕ್ಕೆ ಬೇರೆ ಕಾಗದ ಪತ್ರ ಬೇಕಿರಲಿಲ್ಲ.

ಇಂದು ಈ 'ಕೈ' ಕಾಣೆಯಾಗುತ್ತಿದೆ. ಹೊಸ ಕಾರುಗಳಲ್ಲಿ, ಕೆಲವು ಸ್ಕೂಟರುಗಳಲ್ಲಿ, ಕೀಲಿಕೈಯ ಜಾಗಕ್ಕೆ ಮೊಬೈಲ್ ಫೋನಿನೊಳಗಿನ ಒಂದು ಆ್ಯಪ್ ಬಂದು ಕುಳಿತಿದೆ. ಫೋನು ಜೇಬಿನಲ್ಲಿದ್ದರೆ ಬಾಗಿಲು ತೆರೆಯುತ್ತದೆ, ಗಾಡಿ ಹೊರಡುತ್ತದೆ. ಎಲ್ಲವೂ ಸರಿಯಾಗಿರುವ ದಿನ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಆದರೆ ಎಲ್ಲವೂ ಸರಿಯಾಗಿಲ್ಲದ ದಿನ ಏನಾಗುತ್ತದೆ? ಇಂದು ನಾನು ಮಾತನಾಡಬೇಕೆಂದಿರುವುದು ಆ ದಿನಗಳ ಬಗ್ಗೆ.

ಒಂದು ಶುಕ್ರವಾರದ ಕಥೆ

2021ರ ನವೆಂಬರ್ 19, ಶುಕ್ರವಾರ. ಅಮೆರಿಕದ ಟೆಸ್ಲಾ ಕಂಪನಿಯ ವಿದ್ಯುತ್ ಕಾರುಗಳನ್ನು ಕೊಂಡ ಹಲವರು ತಮ್ಮ ತಮ್ಮ ಕಾರಿನ ಪಕ್ಕದಲ್ಲಿ ನಿಂತು ಫೋನು ಒತ್ತುತ್ತಿದ್ದರು. ಕಾರು ಕದಲಲಿಲ್ಲ. ಫೋನಿನ ಪರದೆಯ ಮೇಲೆ ಸರ್ವರ್ ದೋಷವನ್ನು ಸೂಚಿಸುವ '500' ಎಂಬ ಸಂಖ್ಯೆ ಮಾತ್ರ ಮೂಡುತ್ತಿತ್ತು. ಇಂಥ ತೊಂದರೆಗಳನ್ನು ದಾಖಲಿಸುವ ಡೌನ್‌ಡಿಟೆಕ್ಟರ್ ತಾಣದಲ್ಲಿ ಅಂದು ಸಂಜೆಯ ಒಂದು ಹಂತದಲ್ಲಿ ಸುಮಾರು 500 ಮಂದಿ ದೂರು ಹೇಳಿಕೊಂಡಿದ್ದರು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ಒಬ್ಬ ಗ್ರಾಹಕರು ನೇರವಾಗಿ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರಿಗೇ ಟ್ವಿಟರ್‌ನಲ್ಲಿ ಕೇಳಿದರು. ಪರಿಶೀಲಿಸುತ್ತಿದ್ದೇವೆ ಎಂದು ಉತ್ತರ ಬಂತು. ಕೆಲವು ಗಂಟೆಗಳಲ್ಲಿ ಸೇವೆ ಮರಳಿತು. ಜಾಲದಲ್ಲಿ ಹರಿಯುವ ಮಾಹಿತಿಯ ಪ್ರಮಾಣವನ್ನು ಕಂಪನಿಯೇ ಅಕಸ್ಮಾತ್ತಾಗಿ ಹೆಚ್ಚಿಸಿಬಿಟ್ಟಿದ್ದಂತಿದೆ ಎಂದು ಮಸ್ಕ್ ಕಾರಣ ಹೇಳಿ ಕ್ಷಮೆ ಕೋರಿದರು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಸೋಲ್‌ನ ಬೀದಿಯಲ್ಲಿ ನಿಂತಿದ್ದ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಫೋನೂ ಸರಿಯಿತ್ತು, ಮಾಲೀಕರೂ ಪಕ್ಕದಲ್ಲೇ ಇದ್ದರು. ಕೆಟ್ಟಿದ್ದು ಎಲ್ಲೋ ದೂರದಲ್ಲಿದ್ದ ಕಂಪನಿಯ ಕಂಪ್ಯೂಟರು. ಬೀಗ ಇಲ್ಲಿ, ಅದರ ಕೈ ಇನ್ನೆಲ್ಲೋ. ಕೀಲಿಯ ಚರಿತ್ರೆಯಲ್ಲಿ ಇದು ತೀರ ಹೊಸ ಬಗೆಯ ಪೇಚಾಟ.

ಮರದ ಕೀಲಿಯಿಂದ ಮಿಂಚಿನ ಕೀಲಿಗೆ

ಆ ಚರಿತ್ರೆಯನ್ನು ಸ್ವಲ್ಪ ನೋಡೋಣ. ಪ್ರಾಚೀನ ಈಜಿಪ್ಟ್‌ನಲ್ಲಿ ಮರದ ಬೀಗಗಳಿದ್ದವು. ಅಗುಳಿಯೊಳಗೆ ಮರದ ಮೊಳೆಗಳು ಇಳಿದು ಅದನ್ನು ಹಿಡಿದಿಡುತ್ತಿದ್ದವು. ಹಲ್ಲುಗಳಿದ್ದ ಮರದ ಕೀಲಿಯಿಂದ ಆ ಮೊಳೆಗಳನ್ನು ಮೇಲೆತ್ತಿದರೆ ಅಗುಳಿ ಸರಿಯುತ್ತಿತ್ತು. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಹಕ್ಕುಪತ್ರ ಪಡೆದ ಪುಟ್ಟ ಲೋಹದ ಬೀಗವೂ ಮೂಲತಃ ಇದೇ ತತ್ವದ್ದು. ಇಂದಿಗೂ ನಮ್ಮ ಮನೆಗಳ ಮುಂಬಾಗಿಲಿನಲ್ಲಿರುವುದು ಬಹುಪಾಲು ಅದರ ವಂಶವೇ.

ಬೀಗ ಮಾಡುವವರಿಗೂ ಒಡೆಯುವವರಿಗೂ ಪೈಪೋಟಿ ಎಂದೂ ನಿಂತಿದ್ದಿಲ್ಲ. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬ ಕುಶಲಕರ್ಮಿ 1790ರಲ್ಲಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಇದನ್ನು ತೆರೆದವರಿಗೆ 200 ಗಿನಿ ಬಹುಮಾನ ಎಂದು ಸವಾಲು ಹಾಕಿದ. ಸುಮಾರು 60 ವರ್ಷ ಯಾರಿಗೂ ಆಗಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದ ಕಾಲದಲ್ಲಿ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕನ್ ಬಂದು, 16 ದಿನಗಳಲ್ಲಿ ಒಟ್ಟು 51 ಗಂಟೆ ಕುಳಿತು ಅದನ್ನು ತೆರೆದೇಬಿಟ್ಟ. ಭಾರತದಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಬೀಗ ತಯಾರಿಸತೊಡಗಿದರು. ಅಲಿಗಢವಂತೂ ಬೀಗದ ಊರೆಂದೇ ಹೆಸರಾಯಿತು.

ಮೋಟಾರು ಕಾರು ಬಂದಾಗ ಅದಕ್ಕೆ ಕೀಲಿ ಮುಖ್ಯವಾಗಿರಲಿಲ್ಲ. ಎದುರು ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯ ಬೇರೆ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಫೋರ್ಡ್ ಕಂಪನಿಯ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ 1919ರಿಂದ ಕೊಟ್ಟ ಕೀಲಿಗಳಲ್ಲಿ ಇದ್ದದ್ದು 24 ನಮೂನೆ ಮಾತ್ರ. ಲಕ್ಷಾಂತರ ಕಾರುಗಳಿಗೆ 24 ಕೀಲಿ! ನಿಮ್ಮ ಕೀಲಿ ಪಕ್ಕದ ಬೀದಿಯವರ ಕಾರಿಗೂ ಹೊಂದಿದರೆ ಆಶ್ಚರ್ಯವಿರಲಿಲ್ಲ. ಕೀಲಿಯನ್ನು ತಿರುಗಿಸಿಯೇ ಎಂಜಿನ್ ಹೊರಡಿಸುವ ಇಂದಿನ ಪದ್ಧತಿಯನ್ನು ಕ್ರೈಸ್ಲರ್ ಕಂಪನಿ ತಂದದ್ದು 1949ರಲ್ಲಿ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಂದವು. 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಕಾರಿನಲ್ಲಿ ದೂರದಿಂದ ಗುಂಡಿ ಒತ್ತಿ ಬಾಗಿಲು ತೆರೆಯುವ ರಿಮೋಟ್ ಬಂತು. 1990ರ ದಶಕದಲ್ಲಿ ಕೀಲಿಯ ಹಿಡಿಯೊಳಗೆ ಅಕ್ಕಿಕಾಳಿನಂಥ ಎಲೆಕ್ಟ್ರಾನಿಕ್ ಚಿಪ್ ಸೇರಿತು. ಕಾರು ಆ ಚಿಪ್ಪನ್ನು ಗುರುತಿಸದಿದ್ದರೆ ಎಂಜಿನ್ ಹೊರಡುವುದಿಲ್ಲ. ಬ್ರಿಟನ್ 1998ರಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಅದೇ ವರ್ಷ ಬಂದ ಮರ್ಸಿಡಿಸ್ ಬೆಂಜ್ ಎಸ್ ಕ್ಲಾಸ್ ಕಾರಿನ ಪೀಳಿಗೆಯಿಂದ, ಜೇಬಿನಲ್ಲಿದ್ದರೆ ಸಾಕು, ಹೊರತೆಗೆಯಲೂ ಬೇಡ ಎನ್ನುವ ಕೀಲಿ ಬಳಕೆಗೆ ಬಂತು.

ಈ ದೀರ್ಘ ಪಯಣದಲ್ಲಿ ಒಂದು ಗುಣ ಮಾತ್ರ ಬದಲಾಗಲಿಲ್ಲ. ಮರದ್ದಾಗಲಿ, ಲೋಹದ್ದಾಗಲಿ, ಚಿಪ್ಪಿನದಾಗಲಿ, ಕೀಲಿ ಮತ್ತು ಬೀಗ ತಮ್ಮ ತಮ್ಮಲ್ಲೇ ಮಾತು ಮುಗಿಸುತ್ತಿದ್ದವು. ಮೂರನೆಯವರ ಅಪ್ಪಣೆ ಬೇಕಿರಲಿಲ್ಲ. ರಿಮೋಟಿನ ಸೆಲ್ ಸತ್ತರೂ ಅದರೊಳಗೆ ಅಡಗಿಸಿಟ್ಟ ಸಣ್ಣ ಲೋಹದ ಕೀಲಿಯಿಂದ ಬಾಗಿಲು ತೆರೆಯಬಹುದು. ಒಳಗೆ ಕುಳಿತು, ಸತ್ತ ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಬಹಳಷ್ಟು ಕಾರುಗಳು ಹೊರಡುತ್ತವೆ. ಒಳಗಿನ ಚಿಪ್ಪಿಗೆ ಬೇಕಾದಷ್ಟು ವಿದ್ಯುತ್ತನ್ನು ಕಾರೇ ಗಾಳಿಯ ಮೂಲಕ ಒದಗಿಸುತ್ತದೆ. ಕಾರು ಮಾಡಿದವರು ಕೆಟ್ಟ ದಿನವನ್ನು ಮೊದಲೇ ಊಹಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಎರಡು ದಾರಿ

ಹಾಗಾದರೆ ಫೋನು ಕೀಲಿಯಾದಾಗ ಆದದ್ದೇನು? ಇಲ್ಲಿ ಎರಡು ದಾರಿಗಳಿವೆ. ಈ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಗೊಂದಲ ತಪ್ಪದು.

ಮೊದಲನೆಯದು ಹತ್ತಿರದ ದಾರಿ. ಫೋನು ಕಾರಿನೊಂದಿಗೆ ನೇರವಾಗಿ ಮಾತನಾಡುತ್ತದೆ. ಕೆಲವು ಮೀಟರ್ ದೂರದಿಂದಾದರೆ ಬ್ಲೂಟೂತ್. ತಾಗಿಸಿ ಹಿಡಿದರೆ ಎನ್‌ಎಫ್‌ಸಿ, ಅಂದರೆ ಮೆಟ್ರೋ ಕಾರ್ಡಿನ ಜಾತಿಯ ತಂತ್ರ. ಗುಪ್ತಸಂಕೇತ ಮೊದಲೇ ಎರಡೂ ಕಡೆ ನೆಲೆಗೊಂಡಿರುತ್ತದೆ. ಆದ್ದರಿಂದ ಟವರ್ ಇಲ್ಲದ ಕಾಡಿನಲ್ಲೂ ಇದು ನಡೆಯಬೇಕು. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಕಾರಿನ ಫೋನ್ ಕೀಲಿ ಈ ಬಗೆಯದು. ಕಾರು ಮತ್ತು ಫೋನು ಕಂಪನಿಗಳು ಸೇರಿ ಕಟ್ಟಿಕೊಂಡ ಕಾರ್ ಕನೆಕ್ಟಿವಿಟಿ ಕನ್ಸಾರ್ಟಿಯಂ ಎಂಬ ಒಕ್ಕೂಟ ಡಿಜಿಟಲ್ ಕೀಲಿಗೆ ಒಂದು ಸಮಾನ ಮಾನದಂಡವನ್ನೂ ರೂಪಿಸಿದೆ. ಆಪಲ್ ಕಂಪನಿ 2020ರಲ್ಲಿ ಬಿಎಂಡಬ್ಲ್ಯು ಜತೆಗೂಡಿ ತಂದ ಕಾರು ಕೀಲಿಯಲ್ಲಿ, ಐಫೋನಿನ ಚಾರ್ಜ್ ಮುಗಿದು ಅದು ಆರಿದ ಮೇಲೂ 5 ಗಂಟೆಗಳವರೆಗೆ ಬಾಗಿಲು ತೆರೆಯಲು ಅವಕಾಶವಿತ್ತು.

ಎರಡನೆಯದು ಸುತ್ತು ದಾರಿ. ನೀವು ಆ್ಯಪ್‌ನಲ್ಲಿ 'ತೆರೆ' ಎಂದು ಒತ್ತುತ್ತೀರಿ. ಆ ಆಜ್ಞೆ ಫೋನಿನಿಂದ ಟವರಿಗೆ, ಟವರಿನಿಂದ ಕಂಪನಿಯ ಸರ್ವರಿಗೆ, ಅಲ್ಲಿ ನೀವು ಯಾರೆಂದು ಪರಿಶೀಲನೆಯಾಗಿ, ಮತ್ತೆ ಇನ್ನೊಂದು ಟವರಿನ ಮೂಲಕ ಕಾರಿನೊಳಗಿನ ಸಿಮ್ ಕಾರ್ಡಿಗೆ ಬರುತ್ತದೆ. ಪಕ್ಕದ ಮನೆಯವರನ್ನು ಕರೆಯಲು ದೆಹಲಿಗೆ ಪತ್ರ ಬರೆದು, ಅಲ್ಲಿಂದ ಅವರಿಗೆ ತಿಳಿಸಿದಂತೆ! ಪತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಲುಪುವುದರಿಂದ ಈ ಸುತ್ತು ನಮ್ಮ ಗಮನಕ್ಕೆ ಬರುವುದಿಲ್ಲ. ನಡುವಿನ ಒಂದು ಕೊಂಡಿ ಕಳಚಿದಾಗಲಷ್ಟೇ ಅದರ ಉದ್ದ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಸೇವೆ ಸ್ಥಗಿತಗೊಂಡಾಗ ಜನ ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಆ್ಯಪ್‌ನಿಂದ ಹೊರಬಂದು ಮತ್ತೆ ಒಳಹೋಗಲು ಯತ್ನಿಸುವುದು. ಒಳಹೋಗಲು ಸರ್ವರಿನ ಒಪ್ಪಿಗೆಯೇ ಬೇಕು. ಹೀಗಾಗಿ ಹತ್ತಿರದ ದಾರಿ ತೆರೆದಿದ್ದವರೂ ಅದನ್ನು ತಾವೇ ಮುಚ್ಚಿಕೊಳ್ಳುವ ಸಂಭವವಿದೆ.

ಕೊಂಡಿ ಕಳಚಿದಾಗ

ಕೊಂಡಿ ಕಳಚುವ ಕಡೆಗಳು ನಾಲ್ಕು: ಕಂಪನಿಯ ಸರ್ವರು, ಮೊಬೈಲ್ ಜಾಲ, ಫೋನಿನ ಬ್ಯಾಟರಿ, ಕಾರಿನ ಬ್ಯಾಟರಿ. ಸರ್ವರಿನ ಕಥೆ ಕೇಳಿದಿರಿ. ಜಾಲದ ಕಥೆ 2017ರ ಜನವರಿಯದು. ಅಮೆರಿಕದ ಲಾಸ್ ವೇಗಾಸ್ ಬಳಿಯ ರೆಡ್ ರಾಕ್ ಕಣಿವೆಗೆ ದಂಪತಿಗಳಿಬ್ಬರು ಕೀಲಿ ಮನೆಯಲ್ಲೇ ಬಿಟ್ಟು, ಫೋನಿನಿಂದಲೇ ಕಾರು ತೆರೆದು ಹೊರಟರು. ಕಣಿವೆಯಲ್ಲಿ ಇಳಿದು ಮತ್ತೆ ಹೊರಡಬೇಕೆಂದರೆ ಅಲ್ಲಿ ಸಿಗ್ನಲ್ ಇಲ್ಲ. ಪತ್ನಿ ಸಿಗ್ನಲ್ ಹುಡುಕುತ್ತ ಸುಮಾರು ಎರಡು ಮೈಲಿ ಹೋಗಿ ಸ್ನೇಹಿತರಿಗೆ ಕರೆ ಮಾಡಿ, ಮನೆಯಿಂದ ಕೀಲಿ ತರಿಸಬೇಕಾಯಿತು. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಗ್ರಾಮಾಂತರದಲ್ಲಿ, ಆ್ಯಪ್ ಮೂಲಕ ಬಾಡಿಗೆಗೆ ಪಡೆದ ಕಾರೊಂದು ಸಿಗ್ನಲ್ ಇಲ್ಲದ ಜಾಗದಲ್ಲಿ ನಿಂತು ಪತ್ರಕರ್ತೆಯೊಬ್ಬರನ್ನು ರಸ್ತೆಯಲ್ಲೇ ಉಳಿಸಿತು. ಆಕೆ ಅದನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದಾಗ ಜಗತ್ತೇ ಓದಿತು.

ನಾಲ್ಕನೆಯ ಕೊಂಡಿಯ ಕಥೆ ನಗುವಂಥದ್ದಲ್ಲ. 2024ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ ಒಬ್ಬ ಅಜ್ಜಿ 20 ತಿಂಗಳ ಮೊಮ್ಮಗಳನ್ನು ಟೆಸ್ಲಾ ಕಾರಿನ ಹಿಂದಿನ ಆಸನದಲ್ಲಿ ಕೂರಿಸಿ ಬಾಗಿಲು ಹಾಕಿದರು. ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಕಾರು ಸತ್ತಿತ್ತು. ವಿದ್ಯುತ್ ಕಾರುಗಳಲ್ಲಿ ಓಡಿಸುವ ದೊಡ್ಡ ಬ್ಯಾಟರಿಯ ಜತೆಗೆ ಬಾಗಿಲು, ದೀಪಗಳಿಗೆಂದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಬೇರೆಯೇ ಇರುತ್ತದೆ, ಸೋತದ್ದು ಅದು. ಫೋನಿಗೂ ಬಾಗಿಲು ತೆರೆಯಲಿಲ್ಲ, ಕಾರ್ಡಿಗೂ ತೆರೆಯಲಿಲ್ಲ. ಹೊರಗಡೆ ಕೀಲಿ ತೂರಿಸುವ ರಂಧ್ರವೇ ಇಲ್ಲ. ಒಳಗಿನಿಂದ ತೆರೆಯುವ ಲಿವರ್ ಇದ್ದರೂ 20 ತಿಂಗಳ ಕೂಸಿಗೆ ಅದು ತಿಳಿಯುವುದೆಂತು? ಮರುಭೂಮಿಯ ಬಿಸಿಲು. ಅಗ್ನಿಶಾಮಕ ದಳದವರು ಬಂದು ಕೊಡಲಿಯಿಂದ ಕಿಟಕಿ ಒಡೆದು ಮಗುವನ್ನು ಹೊರತೆಗೆದರು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಇಂಥ ದೂರುಗಳ ಮೇಲೆ 2021ರ ಮಾದರಿಯ ಸುಮಾರು 1.74 ಲಕ್ಷ ಮಾಡೆಲ್ ವೈ ಕಾರುಗಳ ಬಾಗಿಲ ಹಿಡಿಗಳ ಬಗ್ಗೆ ತನಿಖೆ ಆರಂಭಿಸಿತು.

ಈ ಕಂಪನಿಯೊಂದೇ ದೋಷಿ ಎಂದು ನಾನು ಹೇಳುತ್ತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳು ಆರೇಳು ಗಂಟೆ ನಿಂತುಹೋದುವಲ್ಲ, ಅಂದು ಅದೇ ಕಂಪನಿಯ ನೌಕರರಿಗೇ ತಮ್ಮ ಕಚೇರಿಯ ಬಾಗಿಲು ತೆರೆಯಲು ಕಷ್ಟವಾಯಿತು. ಅವರ ಗುರುತಿನ ಕಾರ್ಡುಗಳನ್ನು ಪರಿಶೀಲಿಸಬೇಕಿದ್ದ ವ್ಯವಸ್ಥೆಯೂ ಅದೇ ಜಾಲದ ಮೇಲೆ ನಿಂತಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಒಂದು ತಪ್ಪು ತಂತ್ರಾಂಶದಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟಾಗ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಾಗದ ಮತ್ತು ಪೆನ್ನು ಇದ್ದುದರಿಂದ ವಿಮಾನ ಹತ್ತಲು ಸಾಧ್ಯವಾಯಿತು. ನಮ್ಮ ಮಾತಿನ ತಿರುಳು ಇದೇ: ಕೆಟ್ಟ ದಿನಕ್ಕೆ ಒಂದು ಕೈಬರಹದ ದಾರಿ ಇದೆಯೇ, ಇಲ್ಲವೇ?

ನಮ್ಮ ನೆಲದಲ್ಲಿ

ಇದು ಅಮೆರಿಕದವರ ಗೋಳು, ನಮಗೇನು ಎಂದು ನೀವು ಕೇಳಬಹುದು. 2021ರಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಹೊರತಂದ ಎಸ್1 ಸ್ಕೂಟರಿಗೆ ಕೀಲಿಕೈ ಇರಲಿಲ್ಲ. ಫೋನಿನಿಂದ ತೆರೆಯಬೇಕು, ಇಲ್ಲವೇ ಸ್ಕೂಟರಿನ ಪರದೆಯ ಮೇಲೆ ಗುಪ್ತಸಂಖ್ಯೆ ಒತ್ತಬೇಕು. ಈ ಗುಪ್ತಸಂಖ್ಯೆಯೇ ಅಲ್ಲಿನ ಕೈಬರಹದ ದಾರಿ. ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಬಳಿ ಕಾಣುವ ಯುಲು ಬಾಡಿಗೆ ವಾಹನಗಳನ್ನು ಆ್ಯಪ್‌ನಿಂದಲೇ ತೆರೆಯಬೇಕು. ಹ್ಯುಂಡೈ 2024ರಲ್ಲಿ ಪರಿಷ್ಕರಿಸಿ ತಂದ ಅಲ್ಕಜಾರ್ ಕಾರಿನಲ್ಲಿ ಫೋನನ್ನು ಬಾಗಿಲ ಹಿಡಿಗೆ ತಾಗಿಸಿ ತೆರೆಯುವ ಸೌಲಭ್ಯವಿದೆ.

ಆದರೆ ನಮ್ಮ ಜಾಲದ ಸ್ಥಿತಿ ಹೇಗಿದೆ? ಮಲೆನಾಡಿನ ಘಟ್ಟದ ತಿರುವುಗಳಲ್ಲಿ ಸಿಗ್ನಲ್ ಬಂದು ಹೋಗುವುದು ಎಲ್ಲರ ಅನುಭವ. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳ ಜನ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂದು ಅಭಿಯಾನವನ್ನೇ ನಡೆಸಿದರು. ನಗರದಲ್ಲೂ ಮಾಲ್‌ಗಳ, ಆಸ್ಪತ್ರೆಗಳ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಫೋನು ಮೂಕವಾಗುತ್ತದೆ. ಇದಲ್ಲದೆ ಸರ್ಕಾರವೇ ಇಂಟರ್‌ನೆಟ್ ನಿಲ್ಲಿಸುವ ದಿನಗಳೂ ಇವೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆಯ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಗೋಲಿಬಾರ್ ನಡೆದಾಗ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎರಡು ದಿನ ಮೊಬೈಲ್ ಇಂಟರ್‌ನೆಟ್ ಸ್ಥಗಿತಗೊಂಡಿತ್ತು. ಅಂಥ ದಿನವೇ ಮನೆಯಲ್ಲೊಬ್ಬರಿಗೆ ಎದೆನೋವು ಬಂದರೆ, ಗಾಡಿಯ ಬಾಗಿಲು ತೆರೆಯಲು ಸರ್ವರಿನ ಅಪ್ಪಣೆ ಕಾಯುತ್ತ ಕೂರಲು ಬರುತ್ತದೆಯೇ?

ಸ್ವಾಧೀನವೋ, ಅನುಮತಿಯೋ

ಹೀಗೆಂದ ಮಾತ್ರಕ್ಕೆ ಹಳೆಯ ಕೀಲಿಯೇ ಸತ್ಯ, ಹೊಸದೆಲ್ಲ ಮಿಥ್ಯ ಎನ್ನಲಾಗದು. ಲೋಹದ ಕೀಲಿ ಕಳೆಯುತ್ತದೆ, ಅದರ ನಕಲು ಮಾಡಿಸಬಹುದು. ಪುರಿ ಜಗನ್ನಾಥ ದೇವಾಲಯದ ರತ್ನ ಭಂಡಾರದ ಪ್ರಕರಣ ನಿಮಗೆ ನೆನಪಿರಬಹುದು. 2018ರಲ್ಲಿ ಒಳಕೋಣೆಯ ಕೀಲಿಯೇ ಕಾಣೆಯಾಗಿರುವುದು ಬೆಳಕಿಗೆ ಬಂತು. 2024ರ ಜುಲೈಯಲ್ಲಿ ನಕಲಿ ಕೀಲಿಗಳೂ ಹೊಂದದೆ, ಬೀಗ ಒಡೆದೇ ಒಳಹೋಗಬೇಕಾಯಿತು. ಜೇಬಿನಲ್ಲಿಟ್ಟುಕೊಳ್ಳುವ ರಿಮೋಟಿನ ಸಂಕೇತವನ್ನು ಮನೆಯ ಹೊರಗೆ ನಿಂತೇ ಹಿಡಿದು ಕಾರಿಗೆ ದಾಟಿಸಿ ಕದಿಯುವ ಕಳ್ಳರ ತಂಡಗಳೂ ಯುರೋಪಿನಲ್ಲಿವೆ. ಫೋನಿನ ಕೀಲಿಯನ್ನು ಊರಲ್ಲಿರುವ ತಮ್ಮನಿಗೆ ಕುಳಿತಲ್ಲಿಂದಲೇ ಕೊಡಬಹುದು, ಬೇಡವಾದಾಗ ಹಿಂದಕ್ಕೆ ಪಡೆಯಬಹುದು. ಇವು ಸಣ್ಣ ಅನುಕೂಲಗಳಲ್ಲ.

ಆದರೆ 'ಹಿಂದಕ್ಕೆ ಪಡೆಯಬಹುದು' ಎಂಬ ಮಾತಿನಲ್ಲೇ ಅದರ ಇನ್ನೊಂದು ಮುಖವೂ ಇದೆ. ತಮ್ಮನಿಂದ ನೀವು ಹಿಂದಕ್ಕೆ ಪಡೆಯಬಹುದಾದರೆ, ನಿಮ್ಮಿಂದ ಮತ್ತೊಬ್ಬರು ಪಡೆಯಬಹುದು. ಬ್ಯಾಂಕಿನ ಲಾಕರ್ ನೋಡಿ. ಅಲ್ಲಿ ಎರಡು ಕೀಲಿ: ಒಂದು ನಿಮ್ಮದು, ಇನ್ನೊಂದು ಬ್ಯಾಂಕಿನದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಇದು ನಮಗೆ ಗೊತ್ತು, ಒಪ್ಪಿಯೇ ಬಾಡಿಗೆ ಕಟ್ಟುತ್ತೇವೆ. ಸರ್ವರಿನ ದಾರಿಯ ಆ್ಯಪ್ ಕೀಲಿ ಈ ಲಾಕರಿನಂಥದ್ದೇ. ಆದರೆ ಕಾರನ್ನು ನಾವು ಬಾಡಿಗೆಗೆ ಪಡೆದಿಲ್ಲ, ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡಿದ್ದೇವೆ. ಎರಡನೆಯ ಕೀಲಿ ಕಂಪನಿಯ ಬಳಿ ಇದೆ ಎಂಬುದನ್ನು ಷೋರೂಮಿನಲ್ಲಿ ಯಾರೂ ಎತ್ತಿ ಹೇಳುವುದಿಲ್ಲ.

ಬ್ಯಾಂಕು ಮುಚ್ಚಿದರೆ ಏನು ಗತಿ? ಅಮೆರಿಕದ ಫಿಸ್ಕರ್ ಎಂಬ ವಿದ್ಯುತ್ ಕಾರು ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಕಾರು ಕೊಂಡವರು ತಂತ್ರಾಂಶ, ಬಿಡಿಭಾಗಗಳನ್ನು ನೋಡಿಕೊಳ್ಳಲು ತಾವೇ ಸಂಘ ಕಟ್ಟಿಕೊಳ್ಳಬೇಕಾಯಿತು. 2022ರ ಫೆಬ್ರುವರಿಯಲ್ಲಿ ಎಟಿ ಆ್ಯಂಡ್ ಟಿ ಕಂಪನಿ ತನ್ನ 3ಜಿ ಜಾಲವನ್ನು ಮುಚ್ಚಿದಾಗ, ಹಲವು ಹಳೆಯ ಕಾರುಗಳ ಆ್ಯಪ್ ಸೌಲಭ್ಯಗಳು ಒಂದೇ ದಿನದಲ್ಲಿ ನಿಂತವು. ಆ ಕಾರುಗಳಿಗೆ ಲೋಹದ ಕೀಲಿಯೋ ರಿಮೋಟೋ ಇದ್ದುದರಿಂದ ಅವು ಓಡುತ್ತಲೇ ಇದ್ದವು. ಕೆಲವು ಗಂಟೆಗಳ ಸ್ಥಗಿತವನ್ನು ಹೇಗೋ ಸಹಿಸಬಹುದು. ಶಾಶ್ವತ ಸ್ಥಗಿತವನ್ನು ಸಹಿಸುವುದು ಹೇಗೆ?

ಮಾಡಬೇಕಾದ್ದು

ಸಾಮಾನ್ಯ ಕೊಳ್ಳುಗರು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಗಾಡಿ ಕೊಳ್ಳುವ ಮುನ್ನ ಮಾರುವವರನ್ನು ನಾಲ್ಕು ಪ್ರಶ್ನೆ ಕೇಳಿ. ಇಂಟರ್‌ನೆಟ್ ಇಲ್ಲದೆ ಬಾಗಿಲು ತೆರೆಯುತ್ತದೆಯೇ? ಫೋನು ಸತ್ತರೆ ಗಾಡಿ ಹೊರಡುತ್ತದೆಯೇ? ಗಾಡಿಯ ಸಣ್ಣ ಬ್ಯಾಟರಿ ಸತ್ತರೆ ಹೊರಗಿನಿಂದ ತೆರೆಯುವುದು ಹೇಗೆ, ಒಳಗಿನಿಂದ ಹೇಗೆ? ನಿಮ್ಮ ಸೇವೆ ನಿಂತ ಮೇಲೂ ಈ ಕೀಲಿ ನಡೆಯುತ್ತದೆಯೇ? ಉತ್ತರವನ್ನು ಬಾಯಲ್ಲಿ ಕೇಳಿದರೆ ಸಾಲದು, ಮಾಡಿ ತೋರಿಸಲು ಹೇಳಿ. ಅಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಮೇಲೆ ಬ್ಲೂಟೂತನ್ನು ಮಾತ್ರ ಹಚ್ಚಿ ಪರೀಕ್ಷಿಸಿದರೆ ಹತ್ತಿರದ ದಾರಿ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಗಾಡಿ ಈಗಾಗಲೇ ಮನೆಯಲ್ಲಿದ್ದರೆ, ಅದರೊಂದಿಗೆ ಕೊಟ್ಟ ಕಾರ್ಡನ್ನೋ ರಿಮೋಟನ್ನೋ ಬೀರುವಿನಲ್ಲಿಟ್ಟು ಮರೆಯಬೇಡಿ; ಪರ್ಸಿನಲ್ಲಿರಲಿ. ಕಾರಿನೊಳಗೇ ಇಡುವುದಂತೂ ಬಾವಿಯೊಳಗೆ ಹಗ್ಗ ಬಿಟ್ಟಂತೆ. ಸೇವೆ ನಿಂತಿರುವ ಹೊತ್ತಿನಲ್ಲಿ ಆ್ಯಪ್‌ನಿಂದ ಹೊರಬರಬೇಡಿ, ಅಳಿಸಿ ಹಾಕಬೇಡಿ. ಒಳಗಿನಿಂದ ಬಾಗಿಲು ತೆರೆಯುವ ಲಿವರ್ ಎಲ್ಲಿದೆಯೆಂದು ಮನೆಮಂದಿಗೆಲ್ಲ, ಮುಖ್ಯವಾಗಿ ಹಿರಿಯರಿಗೆ ಮತ್ತು ಮಕ್ಕಳಿಗೆ ತೋರಿಸಿ.

ಇದಿಷ್ಟು ನಮ್ಮ ಕೈಯಲ್ಲಿರುವುದು. ಉಳಿದದ್ದು ನಿಯಮ ಮಾಡುವವರ ಕೈಯಲ್ಲಿದೆ. ಸೀಟ್ ಬೆಲ್ಟು, ಹೆಲ್ಮೆಟ್ಟುಗಳನ್ನು ಕಡ್ಡಾಯ ಮಾಡಿದ ಸರ್ಕಾರ, ಮಾರಾಟವಾಗುವ ಪ್ರತಿ ವಾಹನಕ್ಕೂ ಜಾಲದ ಹಂಗಿಲ್ಲದೆ ತೆರೆಯುವ ಒಂದು ದಾರಿ ಇರಲೇಬೇಕೆಂದು ಹೇಳುವುದು ಕಷ್ಟವೇನಲ್ಲ. ಕಂಪನಿಗಳಿಗೂ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಹಿಂದಿನ ಪೀಳಿಗೆಯ ರಿಮೋಟಿನಲ್ಲಿ ಅವೇ ಕಂಪನಿಗಳು ಅಡಗಿಸಿಟ್ಟಿದ್ದ ಸಣ್ಣ ಲೋಹದ ಕೀಲಿ ಅದಕ್ಕೆ ಸಾಕ್ಷಿ. ಪತ್ರಕರ್ತರಾಗಲಿರುವ ನೀವು ನಾಳೆ ಹೊಸ ಗಾಡಿಯ ಬಿಡುಗಡೆ ಸಮಾರಂಭಕ್ಕೆ ಹೋದಾಗ, ಮೈಲೇಜು ಎಷ್ಟು, ಬೆಲೆ ಎಷ್ಟು ಎಂಬುದರ ಜತೆಗೆ ಇದನ್ನೂ ಕೇಳಿ: ಸರ್ವರು ನಿಂತ ದಿನ ಈ ಬೀಗದ ಕೈ ಯಾರ ಕೈಯಲ್ಲಿರುತ್ತದೆ?